ಇಂಜೆಕ್ಷನ್ ಮಂಪರಿನಲ್ಲಿ ಕೊಟ್ಟ ಹೇಳಿಕೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಮಧುಗಿರಿಯಲ್ಲಿದ್ದೆವು. ನಮ್ಮ ಯಜಮಾನರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಪಾವಗಡದ ದಾರಿಯಲ್ಲಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ಮೇಡಂ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸ್ ಬರುವುದು. ದಿನವೂ ಅದೇ ಬಸ್ಸು, ಅದೇ ಡ್ರೈವರ್. ಆತ ಪಾವಗಡದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದ. ನಾನು ಓಡಿ ಬರುವುದು ಕಂಡರೆ ಗಾಡಿ ನಿಲ್ಲಿಸಿ, "ನಿದಾನಂಗಾ ರಾ ಟೀಚರಮ್ಮ, ನಿನ್ನ ಬಿಟ್ಟು ಎಲ್ಲಿಗೆ ಹೋತೀನಿ" ಅನ್ನುತ್ತಿದ್ದ. ನಮ್ಮಿಬ್ಬರ ನಡುವೆ ಇದ್ದ ಮಾತು ಇಷ್ಟೇ. ಆತನ ಹಿಂದಿನ ಹೆಂಗಸರ ಸೀಟಿನಲ್ಲಿ ಕೂತು ಬರುತ್ತಿದ್ದುದರಿಂದ ನನಗೆ ಆತನ ಮುಖಕ್ಕಿಂತ ಕತ್ತೇ ಹೆಚ್ಚು ಪರಿಚಯ.

ಕಡಲೆಕಾಯಿ ಕೀಳುವ ಕಾಲ. ಆವತ್ತು ಸಂಜೆಯ ಬಸ್ಸಿನಲ್ಲಿ ಮೂಟೆಗಳೂ ಜನರೂ ಒಟ್ಟಿಗೆ ತುಂಬಿದ್ದರು. ನಮ್ಮ ಶಾಲೆಯ ಹುಡುಗಿಯೊಬ್ಬಳು ಕೊಟ್ಟಿದ್ದ ಹಸಿ ಕಡಲೆಕಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ಬಿಡಿಸಿ ತಿನ್ನುತ್ತಿದ್ದೆ. ಬೆರಳಿಗೆ ಕೆಮ್ಮಣ್ಣು ಹತ್ತಿತ್ತು. ಅಲ್ಲಿಯವರೆಗಿನದು ನನಗೆ ಖಚಿತವಾಗಿ ಗೊತ್ತು. ಆಮೇಲೆ ಗೊತ್ತಿರುವುದೆಂದರೆ ಬಸ್ಸು ಹಳ್ಳದ ಸೇತುವೆಯ ಹತ್ತಿರ ಮಗ್ಗುಲಾಗಿ ಬಿದ್ದಿತ್ತು, ನನ್ನ ಬಲಗಾಲು ಸೀಟಿನ ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತ್ತು, ಡೀಸೆಲ್ ವಾಸನೆ ಬರುತ್ತಿತ್ತು, ಯಾರೋ "ಅಪ್ಪಾ, ಅಪ್ಪಾ" ಎಂದು ಕೂಗುತ್ತಿದ್ದರು. ಕೂಗುತ್ತಿದ್ದವನ ತಂದೆ ತೀರಿಕೊಂಡಿದ್ದರು. ಮಗನ ಜೊತೆ ಅವನ ಮನೆಗೆಂದು ಹೊರಟಿದ್ದ ಮುದುಕರು.

ನನ್ನನ್ನು ಊರಿನ ಒಬ್ಬ ಡಾಕ್ಟರು ನಡೆಸುತ್ತಿದ್ದ ನಾಲ್ಕೈದು ಮಂಚದ ಆಸ್ಪತ್ರೆಗೆ ತಂದರು. ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಗಾಯದ ತುಂಬ ಮಣ್ಣು. ಡಾಕ್ಟರು ಬಗ್ಗಿ ನೋಡಿ, "ಕೆಟಮಿನ್ ಅಂತ ಒಂದು ಇಂಜೆಕ್ಷನ್ ಕೊಡ್ತೀನಮ್ಮ. ನೋವು ಗೊತ್ತಾಗಲ್ಲ. ಏನಾದ್ರೂ ವಿಚಿತ್ರವಾಗಿ ಕಂಡ್ರೆ ಹೆದರ್ಕೋಬೇಡ, ಅದು ಔಷಧಿ ಕೆಲಸ" ಅಂದರು. ಮೊದಲು ಬಾಯಿ ಒಣಗಿಸುವ ಒಂದು ಸೂಜಿ, ಆಮೇಲೆ ಅದು.

ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಮೇಲಿನ ದೀಪ ದೂರ ಹೋಯಿತು, ಡಾಕ್ಟರ ಮಾತು ಬಾವಿಯೊಳಗಿಂದ ಬಂದಂತೆ ಕೇಳಿತು, ಆಮೇಲೆ ನನ್ನ ಕೈ, ಕಾಲು, ಹೊಟ್ಟೆ ಎಲ್ಲ ಬೇರೆ ಯಾರದೋ ಆದವು. ನಾನು ನನ್ನ ತವರು ಮದಲೂರಿನಲ್ಲಿ, ನಮ್ಮಪ್ಪನ ಮಗ್ಗದ ಗುಂಡಿಯಲ್ಲಿದ್ದೆ. ಅಪ್ಪ ಕಂಬಳಿ ನೇಯುವವರು; ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಚಿಕ್ಕಂದಿನಲ್ಲಿ ನಾನೂ ಅದರೊಳಗೆ ಇಳಿದು ಆಡಿದ್ದೆ. ಈಗ ಅದಕ್ಕೆ ತಳವಿರಲಿಲ್ಲ. ಕರಿ ಉಣ್ಣೆಯ ಎಳೆಗಳು ಕತ್ತಿನವರೆಗೂ ಬಂದು ಬಿಗಿದವು. ಮೇಲೆ ಅಪ್ಪ ಕೂತು ನೇಯುತ್ತಿದ್ದರು. ಎಳೆಗಳ ನಡುವೆ ನಾನಿದ್ದೇನೆಂದು ಅವರಿಗೆ ಗೊತ್ತಿಲ್ಲ. "ಅಪ್ಪಾ, ನಾನು ಇಲ್ಲೇ ಇದೀನಿ" ಅನ್ನಬೇಕು; ನನ್ನ ಬಾಯಿ ಎಲ್ಲಿದೆ ಎಂದೇ ತಿಳಿಯದು. ಎಷ್ಟು ಹೊತ್ತೋ. ಹೊತ್ತು ಎಂಬುದೇ ಅಲ್ಲಿ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಅಲ್ಲೇ ಇದ್ದೇನೆ, ಮಧುಗಿರಿ, ಮದುವೆ, ಶಾಲೆ ಎಲ್ಲವೂ ನಾನು ಕಟ್ಟಿಕೊಂಡ ಕಥೆ ಅನ್ನಿಸಿತು. ಅಷ್ಟು ಭಯವನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಇದೆಲ್ಲ ನಡೆಯುವಾಗ ನನ್ನ ಕಣ್ಣು ತೆರೆದೇ ಇತ್ತಂತೆ.

ಗಾಯ ಮಾಗುವವರೆಗೆ ಕಟ್ಟು ಬಿಚ್ಚಿ ತೊಳೆಯುವಾಗಲೆಲ್ಲ ಅದೇ ಇಂಜೆಕ್ಷನ್ ಕೊಟ್ಟರು. ಪ್ರತಿ ಸಲವೂ ನಾನು ಎಲ್ಲಿಗೋ ಹೋಗಿ ಸಿಕ್ಕಿಕೊಳ್ಳುತ್ತಿದ್ದೆ. ಆದರೆ ನನ್ನ ಬದುಕನ್ನು ಕಟ್ಟಿಹಾಕಿದ್ದು ಮೊದಲನೆಯ ಸಲ, ನಾನು ಅದರಿಂದ ಪೂರ್ತಿ ಹೊರಗೆ ಬರುವ ಮೊದಲು ಆದ ಒಂದು ಸಂಗತಿ.

ಅಪಘಾತದ ತನಿಖೆಗೆ ಬಂದಿದ್ದ ಪೊಲೀಸ್ ಜಮಾದಾರರು ವಾರ್ಡಿನ ಬಾಗಿಲಲ್ಲಿ ಕಾಯುತ್ತಿದ್ದರು. ಡಾಕ್ಟರು ಇನ್ನೊಬ್ಬ ಗಾಯಾಳುವಿನ ಹತ್ತಿರ ಇದ್ದರು. ನಾನು ಕಣ್ಣು ಬಿಟ್ಟು ಮಲಗಿದ್ದೆ. "ಎಚ್ಚರ ಐತಲ್ಲ, ಎರಡು ಮಾತು ಕೇಳ್ಕೊಂತೀನಿ" ಎಂದು ಅವರು ಬಂದು ಕೂತರು. ನಮ್ಮ ಯಜಮಾನರೂ ಪಕ್ಕದಲ್ಲೇ ಇದ್ದರು. ಬಸ್ಸು ಹೆಂಗೆ ಬಿತ್ತು ಎಂದು ಕೇಳಿದ್ದಕ್ಕೆ ನಾನು ಸ್ಪಷ್ಟವಾಗಿ, ಪಾಠ ಹೇಳುವ ದನಿಯಲ್ಲಿ ಹೇಳಿದೆನಂತೆ: ಡ್ರೈವರ್ ಸ್ಟೇರಿಂಗ್ ಬಿಟ್ಟಿದ್ದ. ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದ.

ಹೇಳಿದ್ದು ನನಗೆ ನೆನಪಿಲ್ಲ. ಆದರೆ ಆ ಚಿತ್ರ ನನ್ನೊಳಗಿದೆ. ಆತನ ಮುಖ, ಹಣೆಯ ಬೆವರು, ನನ್ನನ್ನೇ ದಿಟ್ಟಿಸುತ್ತಿದ್ದ ಎರಡು ಕಣ್ಣು. ಈಗಲೂ ಬರೆಯುತ್ತ ಕೂತಾಗ ಎದುರಿಗೆ ಬರುತ್ತದೆ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ನನ್ನ ತಲೆ ಮೊದಲಿನಂತಿರಲಿಲ್ಲ. ವಾಕ್ಯದ ಅರ್ಧದಲ್ಲಿ ಏನು ಹೇಳಲು ಹೊರಟಿದ್ದೆ ಎಂಬುದು ಮರೆತುಹೋಗುತ್ತಿತ್ತು. ಮಕ್ಕಳಿಗೆ ಕಲಿಸುತ್ತಿದ್ದ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಹೊರಟರೆ ಏಳರ ಮಗ್ಗಿ ಎಂಟರದ್ದರೊಳಗೆ ಸೇರಿಕೊಳ್ಳುತ್ತಿತ್ತು. ಅತ್ತೆ ಹುಣಸೆಹಣ್ಣಿನ ಉಂಡೆ ಕೈಗೆ ಕೊಟ್ಟು ಬೀಜ ತೆಗೆ ಅಂದರೆ, ಸ್ವಲ್ಪ ಹೊತ್ತಿಗೆ ಅದೇಕೆ ನನ್ನ ಕೈಯಲ್ಲಿದೆ ಎಂದು ನೋಡುತ್ತ ಕೂರುತ್ತಿದ್ದೆ. ಸಂಜೆಗೆ ಗೋಡೆಗಳು ಹತ್ತಿರ ಬರುತ್ತಿದ್ದಂತೆ ಅನ್ನಿಸಿ, ನಡುಮನೆಯ ಬಾಗಿಲು ಮುಚ್ಚಿದರೆ ಕೂಗಿಕೊಳ್ಳುತ್ತಿದ್ದೆ. ಡಾಕ್ಟರು, "ಔಷಧಿ ಪದೇಪದೇ ಕೊಟ್ಟಿದೀವಿ, ಪೆಟ್ಟಿನ ಗಾಬರೀನೂ ಇದೆ. ನಿಧಾನವಾಗಿ ತಿಳಿಯಾಗುತ್ತೆ" ಅಂದರು.

ಅಷ್ಟರಲ್ಲಿ ಹೇಳಿಕೆಯ ಮಾತು ಊರಿಗೆ ಗೊತ್ತಾಗಿತ್ತು. ಹೇಗೆ ಹೊರಗೆ ಬಿತ್ತೋ ತಿಳಿಯದು. ನಮ್ಮ ಅಂಗಡಿಗೆ ಟ್ರಾನ್ಸಿಸ್ಟರ್ ತಂದವನೊಬ್ಬ, "ಮೇಡಮ್ಮೋರ ಮುಖ ನೋಡ್ತಾ ಬಸ್ ಮಗುಚಿಬುಟ್ನಂತಲ್ಲಾ" ಅಂದನಂತೆ. ಯಜಮಾನರು ಮನೆಗೆ ಬಂದು ಅದನ್ನು ನನಗೆ ಹೇಳಿದರು. ಸಿಟ್ಟಿನಿಂದಲ್ಲ. ಹೇಳಿ, ಊಟ ಬೇಡ ಎಂದು ಮಲಗಿದರು. ಮಾರನೆಯ ದಿನದಿಂದ ಅವರು ನನ್ನ ಮುಖ ನೋಡಿ ಮಾತಾಡುವುದು ಕಡಿಮೆಯಾಯಿತು. ಪ್ಲಾಸ್ಟರಿನ ಕಾಲು ಚಾಚಿಕೊಂಡು ಬೀದಿಯ ಕಿಟಕಿಯ ಪಕ್ಕ ಕೂತರೆ ಹೋಗುವವರು ಒಂದು ಗಳಿಗೆ ನಿಂತು ನೋಡುತ್ತಿದ್ದರು. ಅತ್ತೆ ಕಿಟಕಿ ಮುಚ್ಚಿದರು. ನನ್ನ ಮೇಲಿನ ಕರುಣೆಗೋ ಮನೆಯ ಮರ್ಯಾದೆಗೋ, ಎರಡಕ್ಕೂ ಇರಬಹುದು.

"ಏನು ನೋಡ್ದೆ ಅಂತ ನನ್ ಮುಂದಾರ ಹೇಳವ್ವ" ಅಂದರು ಒಂದು ದಿನ. "ಕಂಡಿದ್ರೆ ಕಂಡೆ ಅನ್ನು. ಇಲ್ದಿದ್ರೆ ಇಲ್ಲ ಅನ್ನು. ಅದ್ರಾಗೇನೈತೆ ಕಷ್ಟ?"

"ಕಂಡೆ ಅತ್ತೆ. ಆದರೆ ಅದು ಬಸ್ಸಲ್ಲಿ ಕಂಡಿದ್ದೋ, ಇಂಜೆಕ್ಷನ್ ಕೊಟ್ಟಾಗ ಕಂಡಿದ್ದೋ ಗೊತ್ತಾಗ್ತಿಲ್ಲ."

ಅವರು ನನ್ನ ಮುಖವನ್ನೇ ನೋಡಿ, "ಇದೆಂಥ ಮಾತು ಕಣಮ್ಮ" ಎಂದು ಎದ್ದು ಹೋದರು.

ನಾನು ಯೋಚಿಸುತ್ತಿದ್ದೆ. ಆತ ನನ್ನನ್ನು ನೋಡುತ್ತಿದ್ದದ್ದು ನಿಜ ಎಂದರೆ ಆತನಿಗೆ ಶಿಕ್ಷೆಯಾಗುತ್ತದೆ, ನನಗೆ ಕೆಟ್ಟ ಹೆಸರು ಕಾಯಂ ಆಗುತ್ತದೆ. ಅದು ಮಂಪರಿನ ಕನಸು ಎಂದರೆ, ಡ್ರೈವರನ್ನು ಉಳಿಸಲು ಮಾತು ತಿರುಗಿಸಿದಳು, ಅವರಿಬ್ಬರ ನಡುವೆ ಏನೋ ಇತ್ತು ಅನ್ನುತ್ತಾರೆ. ಸುಮ್ಮನಿದ್ದರೂ ಜಮಾದಾರರು ಬರೆದುಕೊಂಡದ್ದು ಹಾಗೇ ಇರುತ್ತದೆ. ಯಾವ ಕಡೆ ತಿರುಗಿದರೂ ಹಾದಿ ಇರಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ಒಂದು ಮಧ್ಯಾಹ್ನ ಡ್ರೈವರನ ಹೆಂಡತಿ ಮನೆಗೆ ಬಂದಳು. ಅತ್ತೆ ಬಾಗಿಲಲ್ಲೇ ತಡೆದರು, ನಾನು ಒಳಗೆ ಕರೆದೆ. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಹೆದರಿದ್ದೆ. ಅವಳು ಹಾಗೇನೂ ಮಾಡಲಿಲ್ಲ. ಗೋಡೆಗೆ ಒರಗಿ ಕೂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಮ್ಮಾಯನ, ನನ್ ಗಂಡ, ಗೊರ್ರೆಲು ಅಡ್ಡ ಬಂದ್ವು ಅಂತಾನೆ" ಅಂದಳು. "ಕುರಿ ಹಿಂಡು. ಅದ್ನ ತಪ್ಸಕ್ಕೆ ಹೋಗಿ ಗಾಡಿ ಬಿತ್ತು ಅಂತಾನೆ. ಆ ಹೊತ್ನಾಗ ಅಲ್ಲಿ ಕುರಿ ಕಾಯೋನು ಯಾರೂ ಇರ್ಲಿಲ್ಲ ಅಂತ ಪೋಲಿಸ್ನೋರು ಅಂತಾರೆ. ನೀನು, ಆತ ನಿನ್ನ ನೋಡ್ತಿದ್ದ ಅಂತೀಯ. ಕೋರ್ಟು ಏನಾದ್ರೂ ಮಾಡ್ಕಳ್ಳಿ ಅಮ್ಮ. ನಂಗೆ ನಿಜಂ ಬೇಕು. ಆತ ನಿನ್ನ ಯಾಕೆ ನೋಡ್ತಿದ್ದ?"

ಅವಳು ಕೇಳಿದ್ದು ನ್ಯಾಯವಾಗಿತ್ತು. ಇಂಜೆಕ್ಷನ್ ವಿಷಯ ಹೇಳಿದೆ, ಮಗ್ಗದ ಗುಂಡಿಯ ವಿಷಯವನ್ನೂ ಹೇಳಿದೆ. ಅವಳು ಎಲ್ಲ ಕೇಳಿ, "ಹಂಗಾದ್ರೆ ನಂಗೆ ಹೇಳೋರು ಯಾರೂ ಇಲ್ಲ" ಎಂದು ಸೆರಗು ಸರಿಮಾಡಿಕೊಂಡು ಹೊರಟಳು.

ಅವಳು ಹೋದ ಕೆಲವು ದಿನಗಳಲ್ಲಿ ಒಂದು ಹೊಸ ಸಂಗತಿ ಶುರುವಾಯಿತು. ಬಸ್ಸು ಬೀಳುವುದನ್ನು ನೆನೆದಾಗಲೆಲ್ಲ ನನಗೆ ಕುರಿಗಳೂ ಕಾಣತೊಡಗಿದವು. ಸಂಜೆಯ ಧೂಳು, ಮುಂದಿನ ಗಾಜಿನಾಚೆ ಒತ್ತೊತ್ತಾಗಿ ಕಪ್ಪು ಬೆನ್ನುಗಳು. ಮೊದಲು ಇಲ್ಲದ್ದು ಈಗ ಎಲ್ಲಿಂದ ಬಂತು? ಅವಳ ಮಾತಿನಿಂದ ಬಂತೋ, ಅಪ್ಪನ ಉಣ್ಣೆಯಿಂದ ಬಂತೋ, ಅಥವಾ ನಿಜವಾಗಿ ಇದ್ದದ್ದು ಈಗ ಹೊರಗೆ ಬರುತ್ತಿದೆಯೋ? ಆಗ ನನಗೆ ನನ್ನ ತಲೆಯ ಬಗ್ಗೆಯೇ ಹೆದರಿಕೆಯಾಯಿತು. ಕೋಲು ಹಿಡಿದು ಕುಂಟುತ್ತ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಎಲ್ಲ ಕೇಳಿ, "ಕೊನೇ ಸಲ ಕಟ್ಟು ಬಿಚ್ಚಿದಾಗ ಏನಾಯ್ತು ಹೇಳು ನೋಡೋಣ" ಅಂದರು.

ನಾನು ಹೇಳಿದೆ. ಸಿಸ್ಟರ್ ನನ್ನ ಹಣೆ ಸವರುತ್ತ ಜೋಗುಳ ಹಾಡುತ್ತಿದ್ದರು. ನಮ್ಮತ್ತೆ ಹಸಿರು ಸೀರೆಯುಟ್ಟು ಬಾಗಿಲಲ್ಲಿ ನಿಂತು ಸಿಸ್ಟರಿಗೆ, ಇನ್ನೂ ಜೋರಾಗಿ ಹಾಡಿ ಅನ್ನುತ್ತಿದ್ದರು.

ಡಾಕ್ಟರು ಸಿಸ್ಟರನ್ನು ಕರೆದು ಕೇಳಿದರು. ಆಕೆ ನಾಚಿಕೊಂಡು, "ಹಾಡಿದ್ದು ಹೌದು ಸಾರ್. ಈಯಮ್ಮ ಒದ್ದಾಡ್ತಿದ್ರು, ಅದಕ್ಕೆ. ಆದ್ರೆ ಇವರತ್ತೆ ಆವತ್ತು ಆಸ್ಪತ್ರೆಗೇ ಬಂದಿರಲಿಲ್ಲ" ಅಂದರು.

"ನಿನಗೆ ಯಾವುದು ಹೆಚ್ಚು ನಿಜ ಅನ್ಸುತ್ತೆ? ಹಾಡೋ, ಅತ್ತೆಯೋ?" ಎಂದರು ಡಾಕ್ಟರು.

"ಎರಡೂ ಒಂದೇ ಥರ, ಸಾರ್."

"ಅದೇ ನೋಡು. ಈ ಔಷಧಿ ಕೊಟ್ಟಾಗ ಹೊರಗಿನದು ಒಂದಿಷ್ಟು ಒಳಗೆ ಹೋಗುತ್ತೆ, ಒಳಗಿನದು ಒಂದಿಷ್ಟು ಹೊರಗೆ ಕಾಣುತ್ತೆ. ಎರಡಕ್ಕೂ ಮಿದುಳು ಒಂದೇ ಮುದ್ರೆ ಒತ್ತುತ್ತೆ. ನೀನು ಸುಳ್ಳು ಹೇಳಿಲ್ಲ. ನಿಜ ಹೇಳಿದೀಯ ಅಂತಾನೂ ನಾನು ಹೇಳೋಕಾಗಲ್ಲ."

"ಮತ್ತೆ ನಾನು ಕೋರ್ಟಲ್ಲಿ ಏನು ಹೇಳಲಿ?"

"ಇದನ್ನೇ ಹೇಳು. ಕರೆದರೆ ನಾನೂ ಬಂದು ಹೇಳ್ತೀನಿ."

ಹೇಳುವುದು ಸುಲಭವಿರಲಿಲ್ಲ. ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಕೋರ್ಟಿನ ಜಗಲಿಯಲ್ಲಿ ಸರ್ಕಾರಿ ವಕೀಲರು, "ಹೇಳಿಕೇಲಿ ಇರೋದನ್ನ ಹೇಳಿ ಇಳಿದುಬಿಡಿ ಮೇಡಂ, ಹೌದು ಅಂದರೆ ಸಾಕು" ಎಂದರು. ಯಜಮಾನರು ಪಕ್ಕದಲ್ಲಿ ನಿಂತು ನೆಲ ನೋಡುತ್ತ, "ಯಾವುದಾದ್ರೂ ಒಂದು ಹೇಳಿ ಮುಗ್ಸು. ಮನೆಗೆ ಹೋಗೋಣ" ಅಂದರು. ಅವರ ದನಿಯಲ್ಲಿ ದಣಿವಿತ್ತು. ಎಲ್ಲರಿಗೂ ನನ್ನಿಂದ ಒಂದು ಖಚಿತವಾದ ಮಾತು ಬೇಕಾಗಿತ್ತು. ಅದೊಂದೇ ನನ್ನ ಹತ್ತಿರ ಇರಲಿಲ್ಲ.

ಸಾಕ್ಷಿಯ ಕಟಕಟೆ ನನ್ನ ಸೊಂಟದವರೆಗೆ ಬರುತ್ತಿತ್ತು. ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ನಿಂತೆ. ಎದುರಿಗೆ ಡ್ರೈವರ್ ಕೈಕಟ್ಟಿ ನಿಂತಿದ್ದ, ಬಹಳ ಸೊರಗಿದ್ದ. ಬೆಂಚಿನ ತುದಿಯಲ್ಲಿ ಸತ್ತ ಮುದುಕರ ಮಗ ಕೂತಿದ್ದ.

"ಆರೋಪಿ ಸ್ಟೇರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದ್ದನ್ನು ನೀವು ನೋಡಿದಿರಿ, ಅಲ್ಲವೆ?"

"ನೋಡಿದ ಹಾಗೆ ನೆನಪಿದೆ. ಆದರೆ ನೋಡಿದೆನೋ ಇಲ್ಲವೋ ನನಗೆ ಗೊತ್ತಿಲ್ಲ."

ಹಿಂದೆ ಯಾರೋ ನಕ್ಕರು. ಪೀಠದಲ್ಲಿದ್ದ ಮುನ್ಸೀಫರು ತಲೆ ಎತ್ತಿ ನೋಡಿದರು. ಸರ್ಕಾರಿ ವಕೀಲರು ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಸಾಕ್ಷಿ ತಿರುಗಿಬಿದ್ದಿದ್ದಾರೆ, ಪಾಟೀಸವಾಲಿಗೆ ಅನುಮತಿ ಬೇಕು ಎಂದು ಅವರು ಕೇಳಿಕೊಂಡರು. ಅನುಮತಿ ಸಿಕ್ಕಿದ ಮೇಲೆ ನನ್ನ ಕಡೆ ತಿರುಗಿ, "ನಿಮಗೂ ಆರೋಪಿಗೂ ಎಷ್ಟು ದಿನದ ಪರಿಚಯ?" ಅಂದರು.

ಇದು ಬರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಬಾಯಿ ಎಲ್ಲಿದೆ ಎಂದು ಹುಡುಕುವಂತಾಯಿತು. ಆದರೆ ಈ ಸಲ ಬಾಯಿ ಸಿಕ್ಕಿತು.

"ಆ ಬಸ್ಸಿಗೆ ಹೋಗುತ್ತಿದ್ದಷ್ಟು ದಿನದ್ದು. ಆತ ಡ್ರೈವರು, ನಾನು ಪ್ಯಾಸೆಂಜರು. ಬೇರೆ ಇನ್ನೇನೂ ಇಲ್ಲ. ಅದು ಮಾತ್ರ ನನಗೆ ಖಂಡಿತವಾಗಿ ಗೊತ್ತು."

ಯಾರೂ ನಗಲಿಲ್ಲ. ಮುಂದಿನ ವಾಯಿದೆಯಲ್ಲಿ ಡಾಕ್ಟರು ಬಂದು ಇಂಜೆಕ್ಷನ್ ವಿಷಯ ಹೇಳಿದರು. ಆ ಹೊತ್ತಿನಲ್ಲಿ ರೋಗಿ ಕಣ್ಣು ಬಿಟ್ಟಿರಬಹುದು, ಮಾತೂ ಆಡಬಹುದು, ಆದರೆ ಆ ಮಾತನ್ನು ನಂಬಿ ಏನನ್ನೂ ತೀರ್ಮಾನಿಸಬಾರದು ಅಂದರು. ಕಂಡಕ್ಟರೂ ಉಳಿದ ಪ್ರಯಾಣಿಕರೂ ಮೂಟೆಗಳ ಮರೆಯಲ್ಲಿ ಏನೂ ಕಂಡಿಲ್ಲ ಎಂದಿದ್ದರು. ಕೊನೆಗೆ ಅನುಮಾನದ ಲಾಭ ಕೊಟ್ಟು ಡ್ರೈವರನನ್ನು ಬಿಟ್ಟರು.

ತೀರ್ಪಿನ ದಿನ ನಾನು ಹೋಗಬೇಕಾಗಿರಲಿಲ್ಲ, ಆದರೂ ಹೋದೆ. ಹೊರಗೆ ಬರುವಾಗ ಮುದುಕರ ಮಗ ಮೆಟ್ಟಿಲ ಹತ್ತಿರ ನಿಂತಿದ್ದ. ಕೋಪವಿಲ್ಲದೆ ಕೇಳಿದ, "ಹಂಗಾರೆ ನಮ್ಮಪ್ಪ ಸುಮ್ ಸುಮ್ಕೆ ಸತ್ನಾ ಮೇಡಂ?"

ಅವನು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಮಾಡಿದ್ದು ಸರಿ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಆ ಪ್ರಶ್ನೆಯ ಮುಂದೆ ಅದರಿಂದ ಏನೂ ಆಗುವುದಿಲ್ಲ.

ಡ್ರೈವರ್ ಹುಣಸೆಮರದ ಕೆಳಗೆ ಹೆಂಡತಿಯ ಜೊತೆ ನಿಂತಿದ್ದ. ನಾನೇ ಹತ್ತಿರ ಹೋಗಿ, "ಕುರಿ ಬಂದಿದ್ದು ನಿಜಾನಾ?" ಎಂದು ಕೇಳಿದೆ. ಆತ ಹೆಂಡತಿಯ ಮುಖ ನೋಡಿದ, ಆಮೇಲೆ ನನ್ನನ್ನು.

"ನಂಗೂ ತಲೆಗೆ ಏಟು ಬಿದ್ದಿತ್ತು ಟೀಚರಮ್ಮ. ಗೊರ್ರೆಲು ಬಂದ್ವು ಅಂತ ಪೋಲಿಸ್ನೋರಿಗೆ ಹೇಳ್ದೆ, ಲಾಯರ್‌ಗೆ ಹೇಳ್ದೆ, ಇವಳಿಗೆ ಹೇಳ್ದೆ. ಹೇಳೀ ಹೇಳೀ ಈಗ ಕಣ್ಣು ಮುಚ್ಚಿದ್ರೆ ಅವೇ ಕಾಣ್ತವೆ. ಮೊದಲು ಏನ್ ಕಂಡಿತ್ತೋ ನಾಕು ತೆಲೀದು, ಗೊತ್ತಿಲ್ಲ."

ಆತ ಆಮೇಲೆ ಬಸ್ಸು ಓಡಿಸಲಿಲ್ಲ, ಹಿಂದೂಪುರದ ಕಡೆ ಯಾವುದೋ ಗೋಡೌನಿನಲ್ಲಿ ಕೆಲಸಕ್ಕೆ ಸೇರಿದ ಎಂದು ಕೇಳಿದೆ.

ನನಗೆ ಕೊರಟಗೆರೆಯ ಹತ್ತಿರಕ್ಕೆ ವರ್ಗವಾಯಿತು. ಹೊಸ ಶಾಲೆಯಲ್ಲಿ ನನ್ನ ಕಥೆ ಯಾರಿಗೂ ಗೊತ್ತಿರಲಿಲ್ಲ. ಮಗ್ಗಿ ಒಂದೊಂದೇ ಮರಳಿ ಬಂದವು, ಮಾತಿನ ಮಧ್ಯೆ ತಪ್ಪಿಹೋಗುವುದು ನಿಂತಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲು ಮಾತ್ರ ಬಹಳ ಕಾಲ ಆಗಲಿಲ್ಲ. ಯಜಮಾನರು ಬೇಸಿಗೆ ಚಳಿ ಎನ್ನದೆ ಬಾಗಿಲು ತೆರೆದೇ ಮಲಗುತ್ತಿದ್ದರು. ಅದರ ಬಗ್ಗೆ ನಾವು ಮಾತಾಡಿಕೊಂಡಿರಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ, ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವರು ಯಾವುದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ತಲೆ ಎತ್ತದೆ, "ಆ ಡ್ರೈವರ್ ನಿನ್ನ ನೋಡ್ತಿದ್ದ ಅಂದೆಯಲ್ಲ. ಅವನ ಮುಖ ಹೆಂಗಿತ್ತು?" ಎಂದರು.

ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನೋಡಿದನೋ ಇಲ್ಲವೋ ಎಂದು ಕೇಳಿದ್ದರು. ಯಾಕೆ ನೋಡಿದ ಎಂದು ಅವನ ಹೆಂಡತಿ ಕೇಳಿದ್ದಳು. ನಾನು ಕಾಯಿ ಕೆಳಗಿಟ್ಟು ಆ ಚಿತ್ರವನ್ನು ಮತ್ತೆ ನೋಡಿದೆ.

"ಹೆದರಿದ ಮುಖ" ಅಂದೆ. "ಬಾಯಿ ತೆರೆದಿತ್ತು. ಏನೋ ಕೂಗಿ ಹೇಳ್ತಿದ್ದ ಹಾಗೆ."

"ಹಿಡ್ಕೊಳ್ರೀ ಅಂತಿದ್ನೇನೋ" ಅಂದರು ಅವರು.

ಹಾಗಿರಬಹುದು. ಗಾಡಿ ಕೈತಪ್ಪಿದ ಮೇಲೆ ಹಿಂದೆ ಕೂತವರಿಗೆ ಕೂಗಿ ಹೇಳಲು ಆತ ತಿರುಗಿರಬಹುದು. ಆ ಭಯ ಮೊದಲಿನಿಂದಲೂ ಆ ಮುಖದಲ್ಲಿ ಇತ್ತೋ, ಅವರು ಕೇಳಿದ ಆ ಬೆಳಿಗ್ಗೆ ನಾನೇ ಅಲ್ಲಿ ಇಟ್ಟೆನೋ, ಅದನ್ನು ಹೇಳಲಾರೆ. ಯಜಮಾನರು ಸ್ಕ್ರೂಡ್ರೈವರ್ ಕೆಳಗಿಟ್ಟು ಬಂದು, ನನ್ನ ಎದುರಿಗೆ ಕೂತು ಅವರೆಕಾಯಿ ಸುಲಿಯತೊಡಗಿದರು. ನನ್ನ ಮುಖವನ್ನೇ ನೋಡುತ್ತ, "ಮೊದಲಿಂದ ಹೇಳು" ಅಂದರು. ಆ ದಿನ ನಾನು ಮಗ್ಗದ ಗುಂಡಿಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ.